ಕೃತಜ್ಞ ಪ್ರೇತದ ಋಣ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಗೋಲ್ಡನ್ ಗೇಟ್ ಉದ್ಯಾನದಲ್ಲಿ 2025ರ ಆಗಸ್ಟ್ ತಿಂಗಳ ಮೊದಲ ಮೂರು ದಿನ ರಾಕ್ ಸಂಗೀತದ ಉತ್ಸವವೊಂದು ನಡೆಯಿತು. ದಿನವೂ ಹತ್ತಾರು ಸಾವಿರ ಜನ ನೆರೆದರು. ಅವರು ಕೊಂಡಾಡಿದುದು ಗ್ರೇಟ್‌ಫುಲ್ ಡೆಡ್ ಎಂಬ ವಾದ್ಯತಂಡದ ಅರವತ್ತನೆಯ ವರ್ಷವನ್ನು. ಸೋಜಿಗವೆಂದರೆ, ಆ ತಂಡ 1995ರಲ್ಲಿಯೇ ಮುಗಿದುಹೋಗಿತ್ತು. ಅದರ ನಾಯಕನೆಂದು ಜನ ಬಗೆದಿದ್ದ ಜೆರ್ರಿ ಗಾರ್ಸಿಯ ಆ ವರ್ಷ ತೀರಿಕೊಂಡ ಮೇಲೆ, ಆ ಹೆಸರಿನಲ್ಲಿ ಇನ್ನು ಮುಂದುವರಿಯುವುದಿಲ್ಲವೆಂದು ಉಳಿದವರು ಸಾರಿದ್ದರು. ಉದ್ಯಾನದ ವೇದಿಕೆಯ ಮೇಲೆ ಹಾಡಿದುದು ಹಳಬರಲ್ಲಿ ಇಬ್ಬರೂ ಕಿರಿಯರು ಕೆಲವರೂ ಕೂಡಿ ಕಟ್ಟಿದ ಬೇರೊಂದು ತಂಡ. ಆದರೂ ಭಕ್ತರು ಬಂದರು. ಅಷ್ಟೇ ಅಲ್ಲ, 2024ರ ಫೆಬ್ರವರಿಯಲ್ಲಿ ಈ ಇಲ್ಲದ ತಂಡದ 59ನೆಯ ಧ್ವನಿಮುದ್ರಿಕೆ ಅಮೆರಿಕದ ಮಾರಾಟಪಟ್ಟಿಯ ಮೊದಲ ನಲವತ್ತರೊಳಗೆ ಸೇರಿತು. ಎಲ್ವಿಸ್ ಪ್ರೆಸ್ಲಿಗೂ ಫ್ರ್ಯಾಂಕ್ ಸಿನಾತ್ರನಿಗೂ ಇದ್ದ 58ರ ದಾಖಲೆಯನ್ನು ಅದು ಮುರಿಯಿತು.

ಈ ಸಂಗೀತದ ಗುಣದೋಷವನ್ನು ತೂಗುವುದು ನನ್ನ ಅಧಿಕಾರಕ್ಕೆ ಮೀರಿದ ಕೆಲಸ. ನನ್ನ ಕುತೂಹಲವನ್ನು ಕೆರಳಿಸಿದುದು ಅದರ ಸುತ್ತ ಬೆಳೆದಿರುವ ಪುಸ್ತಕಗಳ ರಾಶಿ. ನುಡಿಸಿದವರು ಬರೆದ ಪುಸ್ತಕಗಳು ಒಂದು ಕಡೆ, ಕೇಳಿದವರು ಬರೆದ ಪುಸ್ತಕಗಳು ಇನ್ನೊಂದು ಕಡೆ. ಕೇಳಿದವರ ಗ್ರಂಥಗಳಲ್ಲಿ ನಿಘಂಟು ಇದೆ, ಟೀಕೆ ಇದೆ, ಪ್ರತಿಗಳ ವಂಶಾವಳಿ ಇದೆ, ಸಂಖ್ಯಾಕೋಶ ಇದೆ. ಒಂದು ಭಾಷೆಯ ಪಂಡಿತರು ತಲೆತಲಾಂತರದಿಂದ ಮಾಡಿಕೊಂಡು ಬಂದ ಕೆಲಸಗಳನ್ನೆಲ್ಲ ಇಲ್ಲಿ, ಬಹುಮಟ್ಟಿಗೆ ಯಾವ ಗುರುಕುಲದಲ್ಲಿಯೂ ಅದಕ್ಕೆಂದು ಕಲಿಯದ ಜನ, ಕೇವಲ ಪ್ರೀತಿಯ ಬಲದಿಂದ ಮಾಡಿದ್ದಾರೆ. ಸಾಹಿತ್ಯವನ್ನು ಕಲಿಸುವವರು ಇದನ್ನು ಹುಚ್ಚೆಂದು ತಳ್ಳಿಹಾಕುವಂತಿಲ್ಲ. ಹಾಗೆಂದು ಹೊಗಳಿ ಸುಮ್ಮನಾಗುವಂತೆಯೂ ಇಲ್ಲ. ಈ ಎರಡು ರಾಶಿಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಅಭಿಮಾನವೆಂಬುದು ಏನನ್ನು ಉಳಿಸಬಲ್ಲುದು, ಏನನ್ನು ಉಳಿಸಲಾರದು ಎಂಬ ಪ್ರಶ್ನೆಗೆ ಬಹಳ ಸ್ಪಷ್ಟವಾದ, ತುಸು ಕಹಿಯಾದ ಉತ್ತರ ದೊರೆಯುತ್ತದೆ.

ಮೊದಲು ಹೆಸರಿನ ಮಾತು. ಈ ತಂಡ 1965ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಮೀಪದ ಪಾಲೋ ಆಲ್ಟೋದಲ್ಲಿ ಹುಟ್ಟಿದಾಗ ಅದಕ್ಕೆ ಬೇರೆ ಹೆಸರಿತ್ತು. ಅದೇ ವರ್ಷದ ಕೊನೆಯಲ್ಲಿ ಗಾರ್ಸಿಯ ಒಂದು ಕೋಶವನ್ನು ತೆರೆದಾಗ ಈ ಎರಡು ಪದಗಳು ಕಣ್ಣಿಗೆ ಬಿದ್ದುವಂತೆ. ಗ್ರೇಟ್‌ಫುಲ್ ಡೆಡ್ ಎಂದರೆ ಕೃತಜ್ಞ ಪ್ರೇತ. ಅದು ಜಾನಪದ ವಿದ್ವಾಂಸರು ಬಲ್ಲ ಒಂದು ಕಥಾಬೀಜ. ಗೆರೌಲ್ಡ್ ಎಂಬ ವಿದ್ವಾಂಸ 1908ರಲ್ಲಿಯೇ ಅದರ ಮೇಲೆ ಒಂದು ಗ್ರಂಥವನ್ನು ಬರೆದಿದ್ದ. ಕಥೆ ಹೀಗಿದೆ: ದಾರಿಹೋಕನೊಬ್ಬ ಒಂದು ಊರಿಗೆ ಬರುತ್ತಾನೆ. ಅಲ್ಲಿ ಹೆಣವೊಂದು ಸಂಸ್ಕಾರವಿಲ್ಲದೆ ಬಿದ್ದಿದೆ; ಸತ್ತವನು ಸಾಲ ತೀರಿಸಿರಲಿಲ್ಲವಾದ ಕಾರಣ ಸಾಲಿಗರು ಹೂಳಗೊಡುವುದಿಲ್ಲ. ದಾರಿಹೋಕ ತನ್ನ ಕೈಯಲ್ಲಿದ್ದ ಹಣವನ್ನೆಲ್ಲ ಕೊಟ್ಟು ಆ ಸಾಲವನ್ನು ತೀರಿಸಿ, ಗುರುತಿಲ್ಲದ ಆ ದೇಹಕ್ಕೆ ಸಂಸ್ಕಾರ ಮಾಡಿಸುತ್ತಾನೆ. ಮುಂದೆ ದಾರಿಯಲ್ಲಿ ಅಪರಿಚಿತನೊಬ್ಬ ಜೊತೆಗೂಡಿ ಅವನನ್ನು ಆಪತ್ತುಗಳಿಂದ ಪಾರುಮಾಡಿ ಭಾಗ್ಯವಂತನನ್ನಾಗಿ ಮಾಡುತ್ತಾನೆ. ಕೊನೆಗೆ ತಿಳಿಯುತ್ತದೆ, ಆ ಜೊತೆಗಾರ ಸತ್ತವನ ಆತ್ಮವೆಂದು. ನಮ್ಮ ನುಡಿಯಲ್ಲಿ ಈ ಕಥೆಗೆಲ್ಲ ಒಂದೇ ಪದ ಸಾಕು: ಋಣ. ಆಕಸ್ಮಿಕವಾಗಿ ಸಿಕ್ಕಿದ ಈ ಹೆಸರು ಆ ತಂಡದ ಮತ್ತು ಅದರ ಭಕ್ತರ ಚರಿತ್ರೆಗೆ ಇಷ್ಟು ಒಪ್ಪುತ್ತದೆಂದು ಅಂದು ಯಾರೂ ಎಣಿಸಿರಲಾರರು.

ಭಕ್ತರು ಹೇಗೆ ಹುಟ್ಟಿದರು? ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಉಳಿದ ತಂಡಗಳು ಧ್ವನಿಮುದ್ರಿಕೆಯಲ್ಲಿದ್ದುದನ್ನು ವೇದಿಕೆಯ ಮೇಲೆ ಒಪ್ಪಿಸುತ್ತಿದ್ದವು. ಈ ತಂಡ ಒಂದು ರಾತ್ರಿ ನುಡಿಸಿದ್ದನ್ನು ಮರುರಾತ್ರಿ ನುಡಿಸುತ್ತಿರಲಿಲ್ಲ. ಯಾವ ಹಾಡು ಬರುತ್ತದೆ, ಅದು ಹತ್ತು ನಿಮಿಷ ಬೆಳೆಯುತ್ತದೆಯೋ ಮೂವತ್ತು ನಿಮಿಷ ಹರಿಯುತ್ತದೆಯೋ ಎಂಬುದು ನುಡಿಸುವವರಿಗೇ ಮೊದಲು ತಿಳಿದಿರುತ್ತಿರಲಿಲ್ಲ. ಮನೋಧರ್ಮ ಸಂಗೀತದ ರುಚಿ ಬಲ್ಲ ನಮ್ಮ ದೇಶದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂವತ್ತು ವರ್ಷಗಳಲ್ಲಿ 2300ಕ್ಕೂ ಹೆಚ್ಚು ಕಚೇರಿಗಳಾದವು. ಒಂದನ್ನು ಕೇಳಿದವನು ಇನ್ನೊಂದನ್ನು ಕೇಳಿದಂತಾಗಲಿಲ್ಲ. ಆದ್ದರಿಂದ ಜನ ಊರಿಂದೂರಿಗೆ ತಂಡದ ಹಿಂದೆಯೇ ನಡೆದರು. 1971ರಲ್ಲಿ ಹೊರಬಂದ ಒಂದು ಧ್ವನಿಮುದ್ರಿಕೆಯ ಹೊದಿಕೆಯೊಳಗೆ ತಂಡದವರು, ನಮ್ಮನ್ನು ಮೆಚ್ಚುವವರು ತಮ್ಮ ಹೆಸರು ವಿಳಾಸಗಳನ್ನು ಕಳುಹಿಸಿಕೊಡಬೇಕೆಂದು ಕೋರಿದ್ದರು. ಕಾಗದಗಳು ಹೊಳೆಯಾಗಿ ಬಂದವು. ಡೆಡ್‌ಹೆಡ್ ಎಂಬ ಹೆಸರಿನ ಸಮುದಾಯವೊಂದು ತನ್ನನ್ನು ತಾನು ಗುರುತಿಸಿಕೊಂಡಿತು.

ಎರಡನೆಯ ಕಾರಣ ಇನ್ನೂ ಮುಖ್ಯವಾದುದು. ಕೇಳುಗರು ಕಚೇರಿಗೆ ಧ್ವನಿಗ್ರಾಹಕ ಯಂತ್ರಗಳನ್ನು ತಂದು ಮುದ್ರಿಸಿಕೊಳ್ಳುವುದನ್ನು ತಂಡ ಮೊದಮೊದಲು ಕಂಡೂ ಕಾಣದಂತಿತ್ತು. 1984ರಲ್ಲಿ ಅವರಿಗಾಗಿಯೇ ಸಭಾಂಗಣದಲ್ಲಿ ಪ್ರತ್ಯೇಕ ಜಾಗವನ್ನು ಬಿಟ್ಟುಕೊಟ್ಟಿತು. ನಿಬಂಧನೆ ಒಂದೇ: ಈ ಸುರುಳಿಗಳನ್ನು ಕೈಯಿಂದ ಕೈಗೆ ವಿನಿಮಯ ಮಾಡಿಕೊಳ್ಳಬಹುದು, ಮಾರಕೂಡದು. ಸಂಗೀತ ವ್ಯಾಪಾರದ ಲೋಕದಲ್ಲಿ ಇದು ಅಂದಿಗೆ ಕೇಳಿ ಅರಿಯದ ಔದಾರ್ಯ. ಪಡೆದವನು ಇನ್ನೊಬ್ಬನಿಗೆ ಕೊಡಲೇಬೇಕು ಎಂಬ ಈ ಕಟ್ಟಳೆಯಿಂದಲೇ ಮುಂದಿನ ಗ್ರಂಥರಾಶಿಯೆಲ್ಲ ಹುಟ್ಟಿತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಸುರುಳಿಗಳು ಸಾವಿರಾರಾದಾಗ ಯಾವುದು ಯಾವ ಊರಿನದು, ಯಾವ ದಿನದ್ದು ಎಂಬ ಗೊಂದಲ ಎದ್ದಿತು. ಅದನ್ನು ಬಿಡಿಸಲು ಮುಖ್ಯವಾಗಿ ಮೂವರು ಅಭಿಮಾನಿಗಳು ಶ್ರಮಪಟ್ಟು 1987ರಲ್ಲಿ 'ಡೆಡ್‌ಬೇಸ್' ಎಂಬ ಕೋಶವನ್ನು ಹೊರತಂದರು. ಅದು ಮತ್ತೆ ಮತ್ತೆ ಪರಿಷ್ಕೃತವಾಗಿ ದಪ್ಪನಾಗುತ್ತ ಹೋಯಿತು. ಪ್ರತಿಯೊಂದು ಕಚೇರಿಯ ತಾರೀಖು, ಸ್ಥಳ, ಹಾಡಿದ ಹಾಡುಗಳ ಕ್ರಮ, ಒಂದು ಹಾಡು ಎಷ್ಟು ಬಾರಿ ಬಂದಿತು, ಎಷ್ಟು ಕಚೇರಿಗಳ ಕಾಲ ಅಜ್ಞಾತವಾಸದಲ್ಲಿತ್ತು, ಎಲ್ಲವೂ ಅಲ್ಲಿ ಪಟ್ಟಿಯಾಗಿದೆ. ಮೊದಲ ನೋಟಕ್ಕೆ ಇದು ಶುಷ್ಕವಾದ ಲೆಕ್ಕದ ಪುಸ್ತಕ. ಆದರೆ ಅಂದು ಆ ಸಭೆಯಲ್ಲಿದ್ದವನಿಗೆ ಆ ಹಾಡುಗಳ ಹೆಸರಿನ ಸಾಲೇ ಒಂದು ರಾತ್ರಿಯ ನೆನಪು. ಮುಂದೆ 1998ರಿಂದ 2000ದವರೆಗೆ ಮೂರು ಸಂಪುಟಗಳಲ್ಲಿ ಬಂದ 'ಡೆಡ್‌ಹೆಡ್ಸ್ ಟೇಪಿಂಗ್ ಕಂಪೆಂಡಿಯಮ್' ಸುರುಳಿಗಳನ್ನು ಒಂದೊಂದಾಗಿ ವಿಮರ್ಶಿಸಿತು. ಭಕ್ತರ ವಲಯದಲ್ಲಿ ಒಂದು ಸುರುಳಿಯ ಯೋಗ್ಯತೆಯನ್ನು ಹೇಳುವಾಗ ಅದು ಮೂಲದಿಂದ ಎಷ್ಟನೆಯ ತಲೆಮಾರಿನ ಪ್ರತಿ ಎಂದು ಹೇಳುವುದು ವಾಡಿಕೆ. ಪ್ರತಿಯಿಂದ ಪ್ರತಿಗೆ ದೋಷ ಸೇರುತ್ತದೆ, ಮೂಲಕ್ಕೆ ಹತ್ತಿರವಾದಷ್ಟೂ ಶುದ್ಧಿ ಹೆಚ್ಚು. ಓಲೆಗರಿಗಳನ್ನು ಎದುರಿಟ್ಟುಕೊಂಡು ಪಾಠಾಂತರಗಳನ್ನು ಗುರುತಿಸಿದ ನಮ್ಮ ಗ್ರಂಥಸಂಪಾದಕರಿಗೆ ಈ ಮಾತು ಪರಿಚಿತವಾಗಿಯೇ ಕೇಳಿಸುತ್ತದೆ.

ಸುರುಳಿಗಳ ಚರಿತ್ರೆಯಲ್ಲಿಯೂ ಋಣದ ಕಥೆಯೊಂದು ಹುದುಗಿದೆ. ಬೆಟ್ಟಿ ಕ್ಯಾಂಟರ್-ಜಾಕ್ಸನ್ ಎಂಬಾಕೆ ತಂಡದ ಧ್ವನಿಮುದ್ರಣ ತಜ್ಞೆ. ಅವಳ ಕಿವಿಯ ಸೂಕ್ಷ್ಮತೆ ಪ್ರಸಿದ್ಧವಾದುದು. ಅವಳು ಉಗ್ರಾಣವೊಂದರಲ್ಲಿ ಇರಿಸಿದ್ದ ಮೂಲ ಸುರುಳಿಗಳು, ಬಾಡಿಗೆ ಬಾಕಿಯಾದ ಕಾರಣ, 1980ರ ದಶಕದ ನಡುವೆ ಹರಾಜಾಗಿಹೋದವು. ಕೊಂಡವರ ಕೈಯಿಂದ ಅವು ಕ್ರಮೇಣ ಭಕ್ತರ ಕೈ ಸೇರಿ, ಪ್ರತಿಯಾಗಿ ನಾಡೆಲ್ಲ ಹರಡಿದವು. ಸಾಲ ತೀರದ ದೇಹವನ್ನು ಗುರುತಿಲ್ಲದವರು ಬಿಡಿಸಿಕೊಂಡಂತೆಯೇ ಆಯಿತು. ಅವಳು ಮುದ್ರಿಸಿದವುಗಳಲ್ಲಿ 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾನಿಲಯದ ಬಾರ್ಟನ್ ಹಾಲ್‌ನಲ್ಲಿ ನಡೆದ ಕಚೇರಿಯೂ ಒಂದು. ಆ ಮುದ್ರಿಕೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಯಲ್ಲಿ 2011ನೆಯ ವರ್ಷದ ಆಯ್ಕೆಯಾಗಿ ಸ್ಥಾನ ಪಡೆಯಿತು. ಆ ಒಂದು ರಾತ್ರಿಯ ಮೇಲೆಯೇ ಪೀಟರ್ ಕಾನರ್ಸ್ ಎಂಬ ಅಭಿಮಾನಿ ಲೇಖಕ 2017ರಲ್ಲಿ ಒಂದು ಪೂರ್ಣ ಪುಸ್ತಕವನ್ನು ಬರೆದ. ಪ್ರಕಟಿಸಿದುದು ಆ ವಿಶ್ವವಿದ್ಯಾನಿಲಯದ ಮುದ್ರಣಾಲಯವೇ.

ನಿಘಂಟಿನ ಸರದಿ 1994ರಲ್ಲಿ ಬಂದಿತು. ಡೇವಿಡ್ ಶೆಂಕ್ ಮತ್ತು ಸ್ಟೀವ್ ಸಿಲ್ಬರ್‌ಮನ್ ಸೇರಿ ಬರೆದ 'ಸ್ಕೆಲಿಟನ್ ಕೀ' ಡೆಡ್‌ಹೆಡ್‌ಗಳ ಆಡುನುಡಿಯ ಕೋಶ. ಒಂದು ಸಮುದಾಯಕ್ಕೆ ತನ್ನದೇ ಆದ ಪದಕೋಶ ಬೇಕಾಯಿತೆಂದರೆ ಅದು ಸಂತೆಯ ಗುಂಪಿನ ಮಟ್ಟವನ್ನು ದಾಟಿತೆಂದೇ ಅರ್ಥ. ಈ ಸಿಲ್ಬರ್‌ಮನ್ನನೇ ಮುಂದೆ 2015ರಲ್ಲಿ ಆಟಿಸಂ ಕುರಿತ 'ನ್ಯೂರೋಟ್ರೈಬ್ಸ್' ಎಂಬ ಹೆಸರಾಂತ ಗ್ರಂಥವನ್ನು ಬರೆದವನು. ಲೋಕ ವಿಚಿತ್ರರೆಂದು ಕರೆದ ಜನರನ್ನು ಒಳಗಿನಿಂದ ಅರಿಯುವ ಅಭ್ಯಾಸ ಅವನಿಗೆ ಮೊದಲೇ ಆಗಿತ್ತೆಂಬುದು ಈ ಎರಡು ಪುಸ್ತಕಗಳನ್ನು ಜೊತೆಯಾಗಿ ನೋಡಿದವರಿಗೆ ಹೊಳೆಯದಿರದು.

ಟೀಕಾಕಾರನೂ ಹುಟ್ಟಿದ. ಡೇವಿಡ್ ಡಾಡ್ ವೃತ್ತಿಯಿಂದ ಗ್ರಂಥಪಾಲಕ. ತಂಡದ ಹಾಡುಗಳಲ್ಲಿ ಅಡಗಿರುವ ಜಾನಪದ ಗೀತೆ, ಬೈಬಲ್, ಶಿಶುಪ್ರಾಸ, ಇಸ್ಪೀಟಾಟ ಮುಂತಾದವುಗಳ ಎಳೆಗಳನ್ನು ಬಿಡಿಸಿ ಟಿಪ್ಪಣಿ ಬರೆಯುವ ಕೆಲಸವನ್ನು ಅವನು 1995ರಲ್ಲಿ ಆರಂಭಿಸಿದ; 2005ರಲ್ಲಿ ಅದು ದೊಡ್ಡ ಗ್ರಂಥವಾಯಿತು. ಈ ಹಾಡುಗಳಲ್ಲಿ ಬಹುಪಾಲನ್ನು ಬರೆದವನು ರಾಬರ್ಟ್ ಹಂಟರ್. ವೇದಿಕೆಯ ಮೇಲೆ ವಾದ್ಯ ಹಿಡಿಯದಿದ್ದರೂ ತಂಡದವರು ತಮ್ಮಲ್ಲಿ ಒಬ್ಬನೆಂದು ಎಣಿಸಿದ ಕವಿ. ರಿಲ್ಕೆಯ 'ಡುಯಿನೋ ಎಲಿಜಿ'ಗಳನ್ನು ಇಂಗ್ಲಿಷಿಗೆ ತಂದವನು. ತನ್ನ ಗೀತೆಗಳನ್ನು ಅವನು 1990ರಲ್ಲಿ 'ಎ ಬಾಕ್ಸ್ ಆಫ್ ರೇನ್' ಎಂಬ ಸಂಕಲನವಾಗಿ ತಂದಾಗ ಅವು ಸಂಗೀತದ ಆಸರೆಯಿಲ್ಲದೆ ಓದುಗರ ಮುಂದೆ ನಿಂತವು. ಹಂಟರನಿಗೆ ಅರ್ಥ ವಿವರಿಸುವ ಗೊಡವೆ ಹಿಡಿಸದು. ಆದರೂ 1996ರಲ್ಲಿ ಒಬ್ಬ ವಿದ್ಯಾರ್ಥಿ ಅವನ ಹಾಡುಗಳಿಗೆ ನಿಶ್ಚಿತವಾದ ಅರ್ಥವಿಲ್ಲವೆಂಬ ಧಾಟಿಯಲ್ಲಿ ಪ್ರಬಂಧ ಬರೆದಾಗ, ಕವಿ ಸುಮ್ಮನಿರಲಾರದೆ ಒಂದು ಹಾಡನ್ನು ಸಾಲುಸಾಲಾಗಿ ಬಿಡಿಸಿ ಉತ್ತರ ಕೊಟ್ಟ. ಟೀಕಾಕಾರ ಹೆಚ್ಚು ಅರ್ಥ ಹಚ್ಚಿದರೂ ಕವಿಗೆ ಬೇಸರ, ಅರ್ಥವೇ ಇಲ್ಲವೆಂದರೂ ಬೇಸರ. ಈ ಜಗಳ ಎಲ್ಲ ಸಾಹಿತ್ಯಗಳಲ್ಲಿಯೂ ಇದ್ದುದೇ.

ವಿಶ್ವವಿದ್ಯಾನಿಲಯಗಳು ಕೊನೆಗೆ ಬಂದವು. ಉತ್ತರ ಕ್ಯಾರೊಲಿನದ ಗ್ರೀನ್ಸ್‌ಬರೋದಲ್ಲಿ ಸಮಾಜಶಾಸ್ತ್ರದ ಅಧ್ಯಾಪಿಕೆಯಾಗಿದ್ದ ರೆಬೆಕ ಆಡಮ್ಸ್ 1989ರ ಬೇಸಗೆಯಲ್ಲಿ ತನ್ನ ವಿದ್ಯಾರ್ಥಿಗಳನ್ನು ತಂಡದ ಪ್ರವಾಸದ ಹಿಂದೆಯೇ ಕರೆದೊಯ್ದು ಈ ಸಮುದಾಯವನ್ನು ಅಭ್ಯಸಿಸಿದಳು. 2000ದಲ್ಲಿ 'ಡೆಡ್‌ಹೆಡ್ ಸೋಷಿಯಲ್ ಸೈನ್ಸ್' ಎಂಬ ಪ್ರಬಂಧ ಸಂಕಲನ ಅವಳ ಸಹಸಂಪಾದಕತ್ವದಲ್ಲಿ ಬಂದಿತು. 2008ರಲ್ಲಿ ತಂಡದವರು ತಮ್ಮ ಕಾಗದಪತ್ರಗಳನ್ನೆಲ್ಲ ಸಾಂತಾ ಕ್ರೂಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸುವುದಾಗಿ ಪ್ರಕಟಿಸಿದರು. 2012ರಲ್ಲಿ ಆ ಭಂಡಾರ ಸಾರ್ವಜನಿಕರಿಗೆ ತೆರೆಯಿತು. ಅಲ್ಲಿನ ವಸ್ತುಗಳಲ್ಲಿ ನನ್ನ ಮನಸ್ಸನ್ನು ಹಿಡಿದವು ಲಕೋಟೆಗಳು. ಅಂಚೆಯ ಮೂಲಕ ಪ್ರವೇಶಚೀಟಿ ತರಿಸಿಕೊಳ್ಳಲು ಭಕ್ತರು ಕಳುಹಿಸುತ್ತಿದ್ದ ಲಕೋಟೆಗಳ ಮೇಲೆ ಬಣ್ಣಬಣ್ಣದ ಚಿತ್ರಗಳನ್ನು ಬರೆಯುತ್ತಿದ್ದರು, ಕಚೇರಿಯ ಗುಮಾಸ್ತರ ಕಣ್ಣಿಗೆ ಬಿದ್ದು ಚೀಟಿ ಸಿಕ್ಕೀತೆಂಬ ಆಸೆಯಿಂದ. ಆ ಲಕೋಟೆಗಳನ್ನು ಎಸೆಯದೆ ಇಟ್ಟಿದ್ದರು. ಕೊಟ್ಟವರೂ ಪಡೆದವರೂ ಒಬ್ಬರನ್ನೊಬ್ಬರು ಎಷ್ಟು ಗಂಭೀರವಾಗಿ ಎಣಿಸಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಇಷ್ಟು ಭಕ್ತರ ಕಡೆಯ ಮಾತು. ಇನ್ನು ನುಡಿಸಿದವರ ಪುಸ್ತಕಗಳಿಗೆ ಬರೋಣ. ಇಲ್ಲಿ ಧ್ವನಿ ಬದಲಾಗುತ್ತದೆ.

ಮೊದಲು ಬಂದುದು ಡ್ರಮ್ ವಾದಕ ಮಿಕಿ ಹಾರ್ಟ್‌ನ 'ಡ್ರಮಿಂಗ್ ಅಟ್ ದ ಎಡ್ಜ್ ಆಫ್ ಮ್ಯಾಜಿಕ್', 1990ರಲ್ಲಿ. ಅರ್ಧ ಆತ್ಮಕಥೆ, ಅರ್ಧ ಚರ್ಮವಾದ್ಯಗಳ ಮಾನವಶಾಸ್ತ್ರ. ನಮ್ಮ ತಬಲಾ ಮಾಂತ್ರಿಕ ಜಾಕಿರ್ ಹುಸೇನರೊಡನೆ ದಶಕಗಳ ಕಾಲ ಕೂಡಿ ನುಡಿಸಿದವನು ಈ ಹಾರ್ಟ್. 'ಪ್ಲಾನೆಟ್ ಡ್ರಮ್' ಎಂಬ ಅವನ ಧ್ವನಿಮುದ್ರಿಕೆಯಲ್ಲಿ ಜಾಕಿರರ ತಬಲವೂ ವಿಕ್ಕು ವಿನಾಯಕರಾಮರ ಘಟವೂ ಇವೆ. ಅವನ ಬಾಳಿನಲ್ಲಿ ಋಣ ಬಹು ಕಟುವಾದ ರೂಪದಲ್ಲಿ ಬಂದಿತ್ತು. ಅವನ ತಂದೆಯೇ ತಂಡದ ವ್ಯವಸ್ಥಾಪಕನಾಗಿದ್ದು, 1970ರಲ್ಲಿ ತಂಡದ ಹಣವನ್ನು ಅಪಹರಿಸಿ ಓಡಿಹೋದ. ಮುಂದೆ ಸೆರೆಮನೆಯನ್ನೂ ಕಂಡ. ಮಗ 1971ರಲ್ಲಿ ತಂಡದಿಂದ ದೂರ ಸರಿದು ವರ್ಷಗಳ ಮೇಲೆ ಹಿಂದಿರುಗಿದ. ಇದನ್ನೆಲ್ಲ ವಿವರವಾಗಿ ತಿಳಿಯಬೇಕಾದವರು ಡೆನಿಸ್ ಮೆಕ್‌ನ್ಯಾಲಿ 2002ರಲ್ಲಿ ಬರೆದ ತಂಡದ ಬೃಹತ್ ಚರಿತ್ರೆಯನ್ನು ಓದಬೇಕು. ಮೆಕ್‌ನ್ಯಾಲಿ ಇತಿಹಾಸದಲ್ಲಿ ಡಾಕ್ಟರೇಟ್ ಪಡೆದವನು. ಜ್ಯಾಕ್ ಕೆರೊವಾಕ್‌ನ ಚರಿತ್ರೆ ಬರೆದು ಗಾರ್ಸಿಯನ ಮೆಚ್ಚುಗೆ ಗಳಿಸಿ, ಆಸ್ಥಾನ ಚರಿತ್ರಕಾರನೂ ಪ್ರಚಾರಾಧಿಕಾರಿಯೂ ಆದವನು. ಆಸ್ಥಾನದವನಾದರೂ ಒಡೆಯನ ದೋಷಗಳನ್ನು ಮುಚ್ಚಿಟ್ಟಿಲ್ಲವೆಂಬುದು ಅವನ ಹೆಚ್ಚುಗಾರಿಕೆ.

ಬೇಸ್ ಗಿಟಾರಿನ ಫಿಲ್ ಲೆಶ್ 2005ರಲ್ಲಿ ಬರೆದ 'ಸರ್ಚಿಂಗ್ ಫಾರ್ ದ ಸೌಂಡ್' ಈ ಕಡೆಯ ಪುಸ್ತಕಗಳಲ್ಲಿ ಉತ್ತಮವಾದುದೆಂದು ನನ್ನ ಎಣಿಕೆ. ಇಟಲಿಯ ಸಂಗೀತ ರಚನಕಾರ ಲುಚಿಯಾನೊ ಬೇರಿಯೊನ ಬಳಿ ಅಭ್ಯಾಸ ಮಾಡಿದ್ದ ಲೆಶ್ ಶಾಸ್ತ್ರ ಬಲ್ಲವನು. ಆರು ಜನ ಒಂದೇ ಮನಸ್ಸಾಗಿ ನುಡಿಸುವ ಕ್ಷಣ ಹೇಗಿರುತ್ತದೆಂಬುದನ್ನು ಅವನಷ್ಟು ಚೆನ್ನಾಗಿ ಹೇಳಿದವರು ಕಡಮೆ. ತನ್ನ ಕುಡಿತವನ್ನೂ, ಕೊನೆಯ ವರ್ಷಗಳ ಬಳಲಿಕೆಯನ್ನೂ ಅವನು ಮರೆಮಾಚುವುದಿಲ್ಲ. 2015ರಲ್ಲಿ ಬಂದ ಇನ್ನೊಬ್ಬ ಡ್ರಮ್ ವಾದಕ ಬಿಲ್ ಕ್ರೊಯ್ಟ್ಸ್‌ಮನ್‌ನ 'ಡೀಲ್' ಇನ್ನೂ ಬಿಚ್ಚುಬಾಯಿಯ ಪುಸ್ತಕ. ಮಾದಕವಸ್ತುಗಳ ಹೆಸರು ಅದರ ಉಪಶೀರ್ಷಿಕೆಯಲ್ಲಿಯೇ ಇದೆ. ಭಕ್ತರ ಗ್ರಂಥಗಳಲ್ಲಿ ಅಮಲು ಬಹುತೇಕ ಒಂದು ತಮಾಷೆ. ನುಡಿಸಿದವರ ಗ್ರಂಥಗಳಲ್ಲಿ ಅದು ಒಬ್ಬೊಬ್ಬರನ್ನಾಗಿ ಕರೆದೊಯ್ಯುವ ಕಾಲದೂತ. ತಂಡದ ಮೊದಲ ಗಾಯಕ, ಪಿಗ್‌ಪೆನ್ ಎಂದು ಹೆಸರಾದವನು, 1973ರಲ್ಲಿ ಇಪ್ಪತ್ತೇಳನೆಯ ವಯಸ್ಸಿನಲ್ಲಿಯೇ ತೀರಿಕೊಂಡ. ಕುಡಿತ ಅವನ ದೇಹವನ್ನು ತಿಂದುಹಾಕಿತ್ತು.

ಗಾರ್ಸಿಯ ಏನು ಬರೆದ? ಈ ಪ್ರಶ್ನೆಗೆ ಉತ್ತರ ಹುಡುಕಿದಾಗ ನನಗೆ ಒಂದು ವಿಶೇಷ ಕಂಡಿತು. ಈ ರಾಶಿಯಲ್ಲಿ ಅತಿ ಹೆಚ್ಚಾಗಿ ವರ್ಣಿತನಾದವನು ಅವನೇ. ಬ್ಲೇರ್ ಜಾಕ್ಸನ್ 1999ರಲ್ಲಿ ಅವನ ಜೀವನಚರಿತ್ರೆಯನ್ನು ಬರೆದ. ರಾಬರ್ಟ್ ಗ್ರೀನ್‌ಫೀಲ್ಡ್ 1996ರಲ್ಲಿ ಅವನನ್ನು ಬಲ್ಲವರ ಮಾತುಗಳನ್ನೆಲ್ಲ ಪೋಣಿಸಿದ. ಆದರೆ ಗಾರ್ಸಿಯ ತಾನೇ ಬರೆದುದು, ಅವನು ತೀರಿದ ವರ್ಷ ಹೊರಬಂದ 'ಹ್ಯಾರಿಂಗ್ಟನ್ ಸ್ಟ್ರೀಟ್' ಎಂಬ ಒಂದು ಕಿರುಪುಸ್ತಕ. ಸ್ಯಾನ್ ಫ್ರಾನ್ಸಿಸ್ಕೋದ ಆ ಬೀದಿಯಲ್ಲಿ ಅವನ ಅಜ್ಜಿಯ ಮನೆ ಇತ್ತು. ಐದು ವರ್ಷ ತುಂಬುವ ಹೊತ್ತಿಗೆ ತಂದೆ ಹೊಳೆಯಲ್ಲಿ ಮುಳುಗಿ ಸತ್ತಿದ್ದ. ಅಣ್ಣನ ಕೊಡಲಿಯೇಟಿಗೆ ಬಲಗೈಯ ನಡುಬೆರಳಿನ ಬಹುಭಾಗ ಹೋಗಿತ್ತು. ಆ ಬಾಲ್ಯವನ್ನು ಗಾರ್ಸಿಯ ತನ್ನದೇ ಚಿತ್ರಗಳೊಡನೆ ಅಲ್ಲಿ ನೆನೆಯುತ್ತಾನೆ. ಪುಸ್ತಕ ಬಾಲ್ಯದಲ್ಲಿಯೇ ನಿಲ್ಲುತ್ತದೆ. ಅದರಲ್ಲಿ ತಂಡವಿಲ್ಲ, ಭಕ್ತರಿಲ್ಲ, ಕೀರ್ತಿಯಿಲ್ಲ. ಲಕ್ಷಾಂತರ ಜನ ಯಾವುದನ್ನು ಅವನ ಬದುಕೆಂದು ತಿಳಿದರೋ ಅದರ ಹೊಸ್ತಿಲನ್ನೂ ತುಳಿಯದ ಆತ್ಮಕಥೆ ಇದು. ಕಾಲ ಸಾಲದೆ ಹೋಯಿತೆಂದು ಹೇಳಬಹುದು. ಆದರೆ ಬರೆಯತೊಡಗಿದವನು ಎಲ್ಲಿಗೆ ಹೋಗಬಯಸಿದನೆಂಬುದಂತೂ ಸ್ಪಷ್ಟವಾಗಿದೆ.

ಆ ಬಯಕೆಗೆ ಕಾರಣ ನುಡಿಸಿದವರ ಪುಸ್ತಕಗಳಲ್ಲಿಯೂ ಜೀವನಚರಿತ್ರೆಗಳಲ್ಲಿಯೂ ಹರಡಿಕೊಂಡಿದೆ. ಗಾರ್ಸಿಯ ಹೆರಾಯಿನ್ ಎಂಬ ವಿಷಕ್ಕೆ ದಾಸನಾಗಿದ್ದ. 1985ರ ಆರಂಭದಲ್ಲಿ ಒಡನಾಡಿಗಳು ಎದುರಿಗೆ ಕುಳಿತು ಚಟವನ್ನು ಬಿಡುವಂತೆ ಒತ್ತಾಯಿಸಿದರು. 1986ರ ಜುಲೈಯಲ್ಲಿ ಮಧುಮೇಹದಿಂದ ಪ್ರಜ್ಞೆ ತಪ್ಪಿ ಸಾವಿನ ಬಾಗಿಲನ್ನು ಮುಟ್ಟಿಬಂದ; ಎದ್ದ ಮೇಲೆ ಗಿಟಾರ್ ನುಡಿಸುವುದನ್ನು ಹೊಸದಾಗಿ ಕಲಿಯಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮತ್ತೆ ವೇದಿಕೆಯ ಮೇಲಿದ್ದ. 1987ರಲ್ಲಿ ತಂಡದ ಒಂದು ಹಾಡು ಮೊದಲ ಬಾರಿಗೆ ಮಾರಾಟಪಟ್ಟಿಯ ಹತ್ತರೊಳಗೆ ಬಂದಿತು, ಭಕ್ತರ ಸಂಖ್ಯೆ ಉಕ್ಕಿತು. ಚೀಟಿ ಇಲ್ಲದವರು ಬರಬೇಡಿರೆಂದು ತಂಡದವರೇ ಅಂಗಲಾಚಬೇಕಾಯಿತು. ತಂಡವನ್ನು ನಂಬಿದ ನೌಕರರ ಸಂಸಾರಗಳಿದ್ದವು, ಪ್ರವಾಸ ನಿಂತರೆ ಅವರ ಗತಿಯೇನು? 1995ರ ಜುಲೈ 2ರಂದು ಇಂಡಿಯಾನ ಪ್ರಾಂತದ ಡಿಯರ್ ಕ್ರೀಕ್‌ನಲ್ಲಿ ಸಾವಿರಾರು ಜನ ಬೇಲಿ ಮುರಿದು ಒಳನುಗ್ಗಿದರು. ಗಾರ್ಸಿಯನನ್ನು ಕೊಲ್ಲುವುದಾಗಿ ಬೆದರಿಕೆಯೂ ಅಂದು ಬಂದಿತ್ತು. ಮರುದಿನದ ಕಚೇರಿ ರದ್ದಾಯಿತು. ಜುಲೈ 9ರಂದು ಷಿಕಾಗೋದಲ್ಲಿ ಕೊನೆಯ ಕಚೇರಿ. ಆಗಸ್ಟ್ 9ರಂದು, ಚಟ ಬಿಡಿಸುವ ಚಿಕಿತ್ಸಾಲಯವೊಂದರಲ್ಲಿ, ಗಾರ್ಸಿಯ ಕಣ್ಣು ಮುಚ್ಚಿದ. ವಯಸ್ಸು 53.

ಈ ಮರಣಕ್ಕೆ ಭಕ್ತರು ಕಾರಣರೆಂದು ನಾನು ಹೇಳುವುದಿಲ್ಲ. ಚಟ ಅವನದು, ದೇಹ ಅವನದು. ಆದರೆ 2300 ಕಚೇರಿಗಳ ಲೆಕ್ಕವಿಟ್ಟ ಜನ, ಒಂದು ಹಾಡು ಎಷ್ಟು ರಾತ್ರಿ ಮರೆಯಾಗಿತ್ತೆಂಬುದನ್ನು ಬೆರಳ ತುದಿಯಲ್ಲಿ ಹೇಳಬಲ್ಲ ಜನ, ಆ ಬೆರಳುಗಳು ನಡುಗುತ್ತಿದ್ದುದನ್ನು ಕಂಡೂ ಮುಂದಿನ ಪ್ರವಾಸದ ಚೀಟಿಗಾಗಿ ಲಕೋಟೆಗೆ ಬಣ್ಣ ಹಚ್ಚುತ್ತಿದ್ದರೆಂಬುದನ್ನು ಮರೆಯುವಂತಿಲ್ಲ. ಆ ಅಭಿಮಾನ ಸಂಗೀತದ ಒಂದು ಸ್ವರವನ್ನೂ ಕಳೆದುಕೊಳ್ಳಲಿಲ್ಲ; ಸಂಗೀತಗಾರನನ್ನು ಕಳೆದುಕೊಂಡಿತು. ಭಕ್ತರ ಪುಸ್ತಕಗಳು ತಾವು ಪಡೆದುದರ ಲೆಕ್ಕ. ನುಡಿಸಿದವರ ಪುಸ್ತಕಗಳು ಅದಕ್ಕೆ ತೆತ್ತುದರ ಲೆಕ್ಕ. ಜಮೆ ಖರ್ಚುಗಳೆರಡನ್ನೂ ನೋಡದೆ ಯಾವ ಸಾಹುಕಾರನೂ ವಹಿಯನ್ನು ಮುಚ್ಚುವುದಿಲ್ಲ. ನಾವು ಓದುಗರು ಮಾತ್ರ ಒಂದು ಪುಟವನ್ನಷ್ಟೇ ಓದಿ ಕಲೆಯ ಮಹಿಮೆಯನ್ನು ಕೊಂಡಾಡುತ್ತೇವೆ.

ಸತ್ತ ಮೇಲೆಯೂ ಈ ವಹಿ ಮುಚ್ಚಲಿಲ್ಲ. ಗಾರ್ಸಿಯನ ಚಿತಾಭಸ್ಮದ ಒಂದು ಭಾಗವನ್ನು 1996ರ ಏಪ್ರಿಲಿನಲ್ಲಿ ಅವನ ಪತ್ನಿಯೂ ಒಡನಾಡಿ ಬಾಬ್ ವಿಯರನೂ ಋಷಿಕೇಶಕ್ಕೆ ತಂದು ಗಂಗೆಯಲ್ಲಿ ಬಿಟ್ಟರು. ಉಳಿದ ಭಾಗ ಸ್ಯಾನ್ ಫ್ರಾನ್ಸಿಸ್ಕೋದ ಕೊಲ್ಲಿಯನ್ನು ಸೇರಿತು. ಋಣವನ್ನು ಹರಿದುಕೊಳ್ಳಲು ಗಂಗೆಗೆ ಬರುವುದು ನಮ್ಮಲ್ಲಿ ಇದ್ದುದೇ. ಆದರೆ ಅವನಿಗೂ ಆ ನದಿಗೂ ಏನು ಸಂಬಂಧವೆಂದು ಅವನ ಹತ್ತಿರದವರಲ್ಲಿಯೇ ಕೆಲವರು ಆಕ್ಷೇಪಿಸಿದರು. ಸತ್ತವನ ಮೇಲೆ ಯಾರ ಹಕ್ಕು ಎಂಬ ವ್ಯಾಜ್ಯ ಅಲ್ಲಿಂದಲೇ ಮೊದಲಾಯಿತು. ಸುರುಳಿಗಳ ವಿಷಯದಲ್ಲಿ ಅದು 2005ರ ನವೆಂಬರಿನಲ್ಲಿ ಬಹಿರಂಗವಾಯಿತು. ಇಂಟರ್‌ನೆಟ್ ಆರ್ಕೈವ್ ಎಂಬ ಸಾರ್ವಜನಿಕ ಭಂಡಾರದಲ್ಲಿ ಉಚಿತವಾಗಿ ಸಿಗುತ್ತಿದ್ದ ಕಚೇರಿಗಳನ್ನು ಇಳಿಸಿಕೊಳ್ಳುವುದಕ್ಕೆ ತಂಡದ ಕಡೆಯವರು ತಡೆ ಹಾಕಿಸಿದರು. ಭಕ್ತರು ಸಿಡಿದೆದ್ದರು. ಲೆಶ್ ತನಗೆ ಇದು ತಿಳಿದೇ ಇರಲಿಲ್ಲವೆಂದ. ಕೊನೆಗೆ ರಾಜಿಯಾಯಿತು: ಕೇಳುಗರು ಮುದ್ರಿಸಿದವುಗಳನ್ನು ಇಳಿಸಿಕೊಳ್ಳಬಹುದು, ತಂಡದ ಯಂತ್ರದಿಂದ ನೇರವಾಗಿ ಬಂದವುಗಳನ್ನು ಕೇಳಬಹುದಷ್ಟೆ. ತಂಡ ತಾನೇ ಭಂಡಾರದಿಂದ ಆರಿಸಿ ಮಾರುವ ಮುದ್ರಿಕೆಗಳ ಮಾಲೆ 1993ರಲ್ಲಿಯೇ ಮೊದಲಾಗಿತ್ತು. ಅದನ್ನು ಆರಿಸಿಕೊಟ್ಟವನು ಡಿಕ್ ಲಟ್ವಾಲ, ಸುರುಳಿ ಕೂಡಿಸುವ ಭಕ್ತನಾಗಿ ಬಂದು ಭಂಡಾರದ ಪಾಲಕನಾದವನು. ಆ ಮಾಲೆಗೆ ಅವನದೇ ಹೆಸರು. ಮೊದಲು ಹೇಳಿದ 59ರ ದಾಖಲೆಯ ಹಿಂದೆ ಇರುವುದು ಬಹುಪಾಲು ಇಂಥ ಮುದ್ರಿಕೆಗಳೇ. ಅಂದರೆ, ಪುಕ್ಕಟೆಯಾಗಿ ಹಂಚಿ ಬೆಳೆಸಿದ ಪ್ರೀತಿಯನ್ನು ಈಗ ಅದೇ ಪ್ರೀತಿಗೆ ಬೆಲೆ ಕಟ್ಟಿ ಮಾರಲಾಗುತ್ತಿದೆ. ಇದನ್ನು ಮೋಸವೆನ್ನಲು ನನಗೆ ಮನಸ್ಸಿಲ್ಲ. ಕೊಳ್ಳುವವರು ತಿಳಿದೇ ಕೊಳ್ಳುತ್ತಾರೆ. ಆದರೆ ಮಾರಕೂಡದೆಂಬ ಹಳೆಯ ಕಟ್ಟಳೆಯಲ್ಲಿದ್ದ ತೇಜಸ್ಸು ಇದರಲ್ಲಿಲ್ಲ.

ಹಾಗಾದರೆ ಋಣವನ್ನು ತೀರಿಸುವ ಬಗೆಯಾದರೂ ಯಾವುದು? ಇದಕ್ಕೆ ಲೆಶ್‌ನ ಬಾಳಿನಲ್ಲಿ ಒಂದು ಉತ್ತರವಿದೆ. 1998ರಲ್ಲಿ ಅವನ ಪಿತ್ತಜನಕಾಂಗ ಕೆಟ್ಟು ಸಾವು ಸಮೀಪಿಸಿತು. ತೀರಿಕೊಂಡ ಒಬ್ಬ ಯುವಕನ ಅಂಗವನ್ನು ಕಸಿಮಾಡಿ ವೈದ್ಯರು ಅವನನ್ನು ಉಳಿಸಿದರು. ಅಲ್ಲಿಂದ ಮುಂದೆ ಪ್ರತಿಯೊಂದು ಕಚೇರಿಯಲ್ಲಿಯೂ ಅವನು ಆ ಯುವಕನ ಹೆಸರನ್ನು ಹೇಳಿ ನೆನೆಯುತ್ತಿದ್ದ. ನೆರೆದವರು ತಮ್ಮ ಮನೆಯವರ ಕಡೆಗೋ ಪಕ್ಕದವರ ಕಡೆಗೋ ತಿರುಗಿ, ತಾವು ಸತ್ತಾಗ ಅಂಗದಾನ ಮಾಡಬೇಕೆಂಬ ಇಚ್ಛೆಯನ್ನು ತಿಳಿಸಬೇಕೆಂದು ಬೇಡುತ್ತಿದ್ದ. 2024ರ ಅಕ್ಟೋಬರ್ 25ರಂದು, 84ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ, ಸುಮಾರು ಇಪ್ಪತ್ತಾರು ವರ್ಷ ಅವನು ಬದುಕಿದುದು ಮತ್ತೊಬ್ಬನ ದಾನದಿಂದ. ತಂಡದ ಹೆಸರಿನ ಜಾನಪದ ಕಥೆ ಇಲ್ಲಿ ತಿರುಗಿ ನಿಂತಿದೆ: ಮೊದಲು ಕೊಟ್ಟವನು ಸತ್ತವನು, ಕೃತಜ್ಞನಾಗಿ ಉಳಿದವನು ಬದುಕಿರುವವನು. ಮೂವತ್ತು ವರ್ಷ ಜನರಿಂದ ಪ್ರೀತಿಯನ್ನು ಪಡೆದವನು ಅದನ್ನು ತನ್ನ ಕಡೆಗೆ ಇನ್ನಷ್ಟು ಸೆಳೆದುಕೊಳ್ಳದೆ, ಗುರುತಿಲ್ಲದ ರೋಗಿಯೊಬ್ಬನ ಕಡೆಗೆ ಹರಿಯಬಿಟ್ಟ.

ಈ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದಾಗ ನನಗೆ ಉಳಿದ ಮಾತು ಇಷ್ಟು. ಪ್ರೀತಿಯಿಲ್ಲದೆ ಯಾರೂ ಇಂಥ ಕೋಶಗಳನ್ನು ಕಟ್ಟುವುದಿಲ್ಲ. ಅಕ್ಕರೆಯಿಲ್ಲದ ಪಾಂಡಿತ್ಯ ಒಂದು ಸುರುಳಿಯನ್ನೂ ಉಗ್ರಾಣದಿಂದ ಬಿಡಿಸಿ ತರಲಾರದು. ಆದ್ದರಿಂದ ಅಭಿಮಾನಿಯ ಗ್ರಂಥವನ್ನು ಕಂಡು ಮೂಗು ಮುರಿಯುವ ವಿದ್ವಾಂಸನಿಗೆ ನನ್ನ ಸಹಾನುಭೂತಿಯಿಲ್ಲ. ಆದರೆ ಡೆಡ್‌ಹೆಡ್‌ಗಳ ಕಪಾಟಿನಲ್ಲಿ ಒಂದು ಪುಸ್ತಕ ಇನ್ನೂ ಬರಬೇಕಾಗಿದೆ. ತಾವು ಎಷ್ಟು ಪಡೆದೆವೆಂಬುದನ್ನು ಇಷ್ಟು ನಿಖರವಾಗಿ ಬರೆದವರು, ತಾವು ಎಷ್ಟು ಕೇಳಿದೆವು, ಯಾವಾಗ ಕೇಳುವುದನ್ನು ನಿಲ್ಲಿಸಬೇಕಾಗಿತ್ತು ಎಂಬುದನ್ನೂ ಅಷ್ಟೇ ನಿಖರವಾಗಿ ಬರೆಯಬೇಕು. 1995ರ ಬೇಸಗೆಯ ಆ ಕೊನೆಯ ಪ್ರವಾಸದ ಪ್ರತಿಯೊಂದು ಹಾಡಿನ ಹೆಸರೂ ಅವರ ಕೋಶದಲ್ಲಿದೆ. ಹಾಡಿದವನು ಅಂದು ಹೇಗಿದ್ದನೆಂಬ ಅಂಕಣವೊಂದನ್ನು ಅದರ ಪಕ್ಕದಲ್ಲಿ ಯಾರಾದರೂ ಕೂಡಿಸಿದರೆ, ಆ ವಹಿ ಪೂರ್ಣವಾದೀತು.